ಠಾಣೆಯ ನಾಯಿ, ದಳದ ಕುದುರೆ ಮತ್ತು ನಮ್ಮ ಹೊಣೆ

2016ರ ಮಾರ್ಚ್ 14ರಂದು ಉತ್ತರಾಖಂಡದ ಡೆಹ್ರಾಡೂನ್ ನಗರದಲ್ಲಿ ವಿಧಾನಸಭೆಯ ಕಡೆಗೆ ಹೊರಟಿದ್ದ ರಾಜಕೀಯ ಮೆರವಣಿಗೆಯೊಂದನ್ನು ಪೊಲೀಸರು ತಡೆದರು. ಆ ತಳ್ಳಾಟದ ನಡುವೆ ಅಶ್ವದಳದ ‘ಶಕ್ತಿಮಾನ್’ ಎಂಬ ಬಿಳಿಯ ಕುದುರೆಯು ನೆಲಕ್ಕುರುಳಿತು, ಅದರ ಹಿಂಗಾಲು ಮುರಿಯಿತು. ವೈದ್ಯರು ಆ ಕಾಲನ್ನು ಕತ್ತರಿಸಿ ತೆಗೆದು ಕೃತಕ ಕಾಲನ್ನು ಜೋಡಿಸಿದರು. ಆದರೂ ಏಪ್ರಿಲ್ 20ರಂದು ಅದು ಅಸುನೀಗಿತು. ಕುದುರೆಯತ್ತ ಲಾಠಿ ಬೀಸಿದರೆಂಬ ಆರೋಪದ ಮೇಲೆ ಅಂದಿನ ಶಾಸಕರೊಬ್ಬರ ಬಂಧನವಾಯಿತು. ಅವರು ಆರೋಪವನ್ನು ನಿರಾಕರಿಸಿದರು. 2021ರ ಸೆಪ್ಟೆಂಬರ್‌ನಲ್ಲಿ ಡೆಹ್ರಾಡೂನ್‌ನ ನ್ಯಾಯಾಲಯವು ಅವರನ್ನು ಖುಲಾಸೆಗೊಳಿಸಿತು.

ನ್ಯಾಯಾಲಯದ ತೀರ್ಮಾನದ ಮೇಲೆ ತೀರ್ಮಾನ ಹೇಳುವುದು ನಮ್ಮ ಕೆಲಸವಲ್ಲ. ಆದರೆ ಆ ಪ್ರಕರಣವು ಎತ್ತಿದ ಪ್ರಶ್ನೆಯೊಂದು ಇಂದಿಗೂ ಹಾಗೆಯೇ ಉಳಿದಿದೆ. ಸರ್ಕಾರದ ಸೇವೆಯಲ್ಲಿರುವ ಮೂಕಪ್ರಾಣಿಯೊಂದನ್ನು ಯಾರಾದರೂ ಬೇಕೆಂದೇ ಹೊಡೆದರೆ, ಇರಿದರೆ, ವಿಷವಿಕ್ಕಿದರೆ ನಮ್ಮ ಕಾನೂನು ಅದನ್ನು ಏನೆಂದು ಪರಿಗಣಿಸುತ್ತದೆ? ಒಂದು ವಸ್ತುವಿಗಾದ ನಷ್ಟವೆಂದೋ, ಒಂದು ಜೀವಕ್ಕೆ ಮಾಡಿದ ಅನ್ಯಾಯವೆಂದೋ?

ಧಾರ್ಮಿಕ ಬರಹಗಳನ್ನು ಓದಲು ಬಂದವರಿಗೆ ಪೊಲೀಸ್ ನಾಯಿಯ ಮಾತು ಏಕೆ ಎಂದು ಕೆಲವರು ಕೇಳಬಹುದು. ದೊಡ್ಡಬಳ್ಳಾಪುರ ತಾಲೂಕಿನ ಮಧುರೆಯಂತಹ ಹೋಬಳಿಯಲ್ಲಿ ಮಕ್ಕಳಿಗೆ ದೀನ್ ಕಲಿಸುವ ನಮಗೆ ಇದು ದೂರದ ವಿಷಯವೆಂದು ಅನ್ನಿಸಿಲ್ಲ. ಊರಿನಲ್ಲಿ ಕಳವೋ ಕೊಲೆಯೋ ಆದರೆ ಶ್ವಾನದಳ ಬರುತ್ತದೆ. ಜನ ಸುತ್ತುಗಟ್ಟುತ್ತಾರೆ. ಹುಡುಗರು ಕೈಯಲ್ಲಿ ಕಲ್ಲು ಹಿಡಿದಿರುತ್ತಾರೆ. ‘ನಾಯಿ ನಜಸ್ ಅಲ್ಲವೇ, ಹೊಡೆದರೆ ತಪ್ಪೇನು?’ ಎಂದು ಕೇಳುವ ಮಕ್ಕಳೂ ಇದ್ದಾರೆ. ಈ ಪ್ರಶ್ನೆಗೆ ಮನೆಯಲ್ಲಿ ಮತ್ತು ಮದ್ರಸದಲ್ಲಿ ಸರಿಯಾದ ಉತ್ತರ ಸಿಗದಿದ್ದರೆ, ಮುಂದೊಂದು ದಿನ ಆ ಉತ್ತರವನ್ನು ಪೊಲೀಸ್ ಠಾಣೆಯಲ್ಲಿ ಕಲಿಯಬೇಕಾದೀತು.

ಮೌನವಾಗಿ ದುಡಿಯುವವರು

ಮೊದಲು ಈ ಪ್ರಾಣಿಗಳು ಮಾಡುವ ಕೆಲಸವನ್ನು ಅರಿಯೋಣ. ದಾವಣಗೆರೆ ಜಿಲ್ಲಾ ಪೊಲೀಸರ ಬಳಿ ‘ತುಂಗಾ’ ಎಂಬ ಡಾಬರ್‌ಮನ್ ನಾಯಿಯಿತ್ತು. 2020ರ ಜುಲೈನಲ್ಲಿ ಚನ್ನಗಿರಿ ತಾಲೂಕಿನ ಕೊಲೆ ಪ್ರಕರಣವೊಂದರಲ್ಲಿ ಅದು ವಾಸನೆಯ ಜಾಡು ಹಿಡಿದು ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಓಡಿ ಆರೋಪಿಯ ಸುಳಿವು ನೀಡಿತು. ತುಂಗಾ ತೀರಿಕೊಂಡ ಮೇಲೆ ಅದೇ ಹೆಸರಿನ ಎರಡನೆಯ ನಾಯಿ ಆ ದಳಕ್ಕೆ ಬಂದಿತು. 2024ರ ಜುಲೈನಲ್ಲಿ ಅದೇ ತಾಲೂಕಿನ ಮತ್ತೊಂದು ಕೊಲೆಯ ತನಿಖೆಯಲ್ಲಿ ಈ ನಾಯಿ ಮಳೆಯಲ್ಲಿ ಎಂಟು ಕಿಲೋಮೀಟರ್ ಓಡಿ ಒಂದು ಮನೆಯ ಮುಂದೆ ನಿಂತಿತು. ಒಳಗೆ ಆರೋಪಿಯು ತನ್ನ ಹೆಂಡತಿಯನ್ನು ಸಾಯುವಂತೆ ಹೊಡೆಯುತ್ತಿದ್ದನು. ಪೊಲೀಸರು ಸಕಾಲದಲ್ಲಿ ಒಳನುಗ್ಗಿದ್ದರಿಂದ ಆ ಹೆಣ್ಣುಮಗಳ ಜೀವ ಉಳಿಯಿತು. ಒಂದು ಜೀವವನ್ನು ಉಳಿಸಿದವನು ಸಮಸ್ತ ಮಾನವಕುಲವನ್ನೇ ಉಳಿಸಿದಂತೆ ಎಂಬ ಅಲ್ಲಾಹನ ವಚನದ ಅರ್ಥವನ್ನು ನಾವು ಮಕ್ಕಳಿಗೆ ಬೋಧಿಸುತ್ತೇವೆ. ಅಂದು ಅಂತಹ ಕಾರ್ಯಕ್ಕೆ ಅಲ್ಲಾಹನು ಕಾರಣವಾಗಿಸಿದ್ದು ಒಂದು ನಾಯಿಯನ್ನು.

ನಮ್ಮ ಜಿಲ್ಲೆಯ ದೇವನಹಳ್ಳಿಯಲ್ಲಿರುವ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸಿಐಎಸ್‌ಎಫ್‌ನ ನಾಯಿಗಳು ಸ್ಫೋಟಕಗಳ ಪತ್ತೆಗಾಗಿ ದುಡಿಯುತ್ತವೆ. ಹಜ್ಜಿಗೂ ಉಮ್ರಾಕ್ಕೂ ಅಲ್ಲಿಂದಲೇ ಹೊರಡುವ ನಮ್ಮ ತಂದೆತಾಯಿಗಳ ಸುರಕ್ಷತೆಯಲ್ಲಿ ಆ ನಾಯಿಗಳ ಪಾಲೂ ಇದೆ. ಬೆಂಗಳೂರಿನ ತರಳು ಎಂಬಲ್ಲಿ ಸಿಆರ್‌ಪಿಎಫ್‌ನ ನಾಯಿ ತರಬೇತಿ ಶಾಲೆಯಿದೆ. ಅಲ್ಲಿ ಪಳಗಿದ ನಾಯಿಗಳು ದೂರದ ಕಾಡುಗಳಲ್ಲಿ ನೆಲಬಾಂಬುಗಳನ್ನು ಹುಡುಕುತ್ತಾ ಯೋಧರ ಮುಂದೆ ನಡೆಯುತ್ತವೆ. ಮೈಸೂರಿನ ಅಶ್ವದಳದ ಕುದುರೆಗಳನ್ನು ದಸರೆಯಲ್ಲಿ ನೋಡದವರು ವಿರಳ. ಈ ಪ್ರಾಣಿಗಳನ್ನು ತಿದ್ದಿ ತೀಡಿ ಸಾಕುವ ಪೊಲೀಸರಲ್ಲಿ ನಮ್ಮ ಸಮುದಾಯದವರೂ ಇದ್ದಾರೆ. ಈ ಯಾವ ಪ್ರಾಣಿಯೂ ತಾನಾಗಿ ಕೆಲಸಕ್ಕೆ ಅರ್ಜಿ ಹಾಕಿಲ್ಲ. ಸಂಬಳವಿಲ್ಲ, ಮುಷ್ಕರ ಹೂಡುವ ನಾಲಗೆಯಿಲ್ಲ, ಅಪಾಯದಿಂದ ಹಿಂದೆ ಸರಿಯುವ ಆಯ್ಕೆಯೂ ಇಲ್ಲ.

ಬೆಲೆ ಬಲ್ಲ ಕಾನೂನು, ನೋವು ಬಲ್ಲ ಕಾನೂನು

ಇಂತಹ ಪ್ರಾಣಿಗೆ ಹಾನಿ ಮಾಡಿದವನಿಗೆ ನಮ್ಮ ದೇಶದಲ್ಲಿ ಯಾವ ಶಿಕ್ಷೆಯಿದೆ? ಇದಕ್ಕೆಂದೇ ರಚಿತವಾದ ಪ್ರತ್ಯೇಕ ಕಾನೂನಿಲ್ಲ. ಎರಡು ಸಾಮಾನ್ಯ ಕಾನೂನುಗಳ ನಡುವೆ ಅದನ್ನು ಹುಡುಕಬೇಕಾಗುತ್ತದೆ.

ಮೊದಲನೆಯದು ದಂಡಸಂಹಿತೆ. 1860ರ ಭಾರತೀಯ ದಂಡಸಂಹಿತೆಯು ಪ್ರಾಣಿಗಳನ್ನು ಬೆಲೆಯಿಂದ ಅಳೆಯುತ್ತಿತ್ತು. 428ನೇ ಕಲಮಿನಲ್ಲಿ ಹತ್ತು ರೂಪಾಯಿ ಬೆಲೆಯ ಪ್ರಾಣಿಯನ್ನು ಕೊಂದವನಿಗೆ ಎರಡು ವರ್ಷದವರೆಗೆ ಸೆರೆವಾಸ. 429ನೇ ಕಲಮಿನಲ್ಲಿ ಆನೆ, ಒಂಟೆ, ಕುದುರೆ, ಎಮ್ಮೆ, ಎತ್ತು ಮೊದಲಾದವುಗಳನ್ನು ಅಥವಾ ಐವತ್ತು ರೂಪಾಯಿ ಬೆಲೆಯ ಬೇರೆ ಪ್ರಾಣಿಯನ್ನು ಕೊಂದವನಿಗೆ ಐದು ವರ್ಷದವರೆಗೆ ಸೆರೆವಾಸ. ನಾಯಿಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಎಷ್ಟೇ ತರಬೇತಿ ಪಡೆದ ನಾಯಿಯಾದರೂ ಅದು ಐವತ್ತು ರೂಪಾಯಿ ಬಾಳುತ್ತದೆ ಎಂದು ತೋರಿಸಬೇಕಾಗಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮು ಈ ಬೆಲೆಪಟ್ಟಿಯನ್ನು ತೆಗೆದುಹಾಕಿದೆ. ಯಾವುದೇ ಪ್ರಾಣಿಯನ್ನು ಕೊಲ್ಲುವುದು, ವಿಷವಿಕ್ಕುವುದು, ಅಂಗಹೀನಗೊಳಿಸುವುದು ಈಗ ಐದು ವರ್ಷದವರೆಗಿನ ಸೆರೆವಾಸಕ್ಕೆ, ದಂಡಕ್ಕೆ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ. ಇದು ಸ್ವಾಗತಾರ್ಹ ಬದಲಾವಣೆ. ಆದರೆ ಆ ಕಲಮು ಇಂದಿಗೂ ಇರುವುದು ಸ್ವತ್ತಿಗೆ ಹಾನಿ ಮಾಡುವ ಅಪರಾಧಗಳ ಸಾಲಿನಲ್ಲಿ. ಅಲ್ಲಿ ಕಾನೂನು ಕೇಳುವ ಮೊದಲ ಪ್ರಶ್ನೆ ‘ಯಾರಿಗೆ ನಷ್ಟವಾಯಿತು?’ ಎಂಬುದು. ‘ಯಾರಿಗೆ ನೋವಾಯಿತು?’ ಎಂಬುದು ಆ ಅಧ್ಯಾಯದ ಪ್ರಶ್ನೆಯಲ್ಲ.

ಎರಡನೆಯದು 1960ರ ಪ್ರಾಣಿಹಿಂಸೆ ತಡೆ ಕಾಯಿದೆ. ಇದು ನೋವನ್ನು ಬಲ್ಲ ಕಾನೂನು. ಹೊಡೆಯುವುದು, ಒದೆಯುವುದು, ಮಿತಿಮೀರಿ ಭಾರ ಹೇರುವುದು, ಹಸಿವಿನಲ್ಲಿಡುವುದು ಮೊದಲಾದ ಕ್ರೌರ್ಯಗಳನ್ನು ಅದರ 11ನೇ ಕಲಮು ಒಂದೊಂದಾಗಿ ಹೆಸರಿಸುತ್ತದೆ. ಆದರೆ ಶಿಕ್ಷೆ ಏನು? ಮೊದಲ ಬಾರಿಯ ತಪ್ಪಿಗೆ ಹತ್ತರಿಂದ ಐವತ್ತು ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ ಇಪ್ಪತ್ತೈದರಿಂದ ನೂರು ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ. 1960ರ ಐವತ್ತು ರೂಪಾಯಿಗೆ ತೂಕವಿತ್ತು. ಇಂದು ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಇಬ್ಬರು ಕುಳಿತು ತಿಂಡಿ ತಿಂದರೆ ಅಷ್ಟು ಹಣ ಸಾಲದು.

ಹೀಗೆ ಒಂದು ಕಾನೂನಿಗೆ ಪ್ರಾಣಿಯ ಬೆಲೆ ಗೊತ್ತು, ನೋವು ಗೊತ್ತಿಲ್ಲ. ಇನ್ನೊಂದಕ್ಕೆ ನೋವು ಗೊತ್ತು, ಆದರೆ ಅದರ ಕೈಯಲ್ಲಿ ಬಲವಿಲ್ಲ. ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಿದರೆ ಬೇರೆಯೇ ಕಲಮುಂಟು. ಅದು ನಾಯಿಯ ಹಗ್ಗ ಹಿಡಿದ ಪೊಲೀಸನನ್ನು ರಕ್ಷಿಸೀತೇ ಹೊರತು ಹಗ್ಗದ ಆ ತುದಿಯಲ್ಲಿರುವ ಪ್ರಾಣಿಯು ನೌಕರನ ಲೆಕ್ಕಕ್ಕೆ ಬರುವುದಿಲ್ಲ. 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು 11ನೇ ಕಲಮಿನ ಶಿಕ್ಷೆ ಸಾಲದೆಂದೂ ಸಂಸತ್ತು ಅದನ್ನು ತಿದ್ದಬೇಕೆಂದೂ ಹೇಳಿತ್ತು. ಜಲ್ಲಿಕಟ್ಟು, ಕಂಬಳಗಳ ವಿಷಯದಲ್ಲಿ ಮುಂದೆ ಕಾನೂನು ಬೇರೆ ದಾರಿ ಹಿಡಿಯಿತು. ಆದರೆ ದಂಡದ ಮೊತ್ತವನ್ನು ಕುರಿತ ಆ ಮಾತು ಇಂದಿಗೂ ಸತ್ಯವಾಗಿಯೇ ಉಳಿದಿದೆ. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ತಿದ್ದುಪಡಿಯ ಕರಡೊಂದನ್ನು ಸಾರ್ವಜನಿಕರ ಮುಂದಿಟ್ಟಿತಾದರೂ ಅದು ಕಾನೂನಿನ ರೂಪ ಪಡೆಯಲಿಲ್ಲ.

ಹೊರನಾಡುಗಳ ಅನುಭವ

ಇದೇ ಕೊರತೆಯನ್ನು ಕಂಡು ತಿದ್ದಿಕೊಂಡ ದೇಶಗಳಿವೆ. 2016ರ ಅಕ್ಟೋಬರ್ 5ರಂದು ಇಂಗ್ಲೆಂಡಿನ ಸ್ಟೀವನೇಜ್ ಪಟ್ಟಣದಲ್ಲಿ ಶಂಕಿತನೊಬ್ಬನನ್ನು ಬೆನ್ನಟ್ಟಿದ ‘ಫಿನ್’ ಎಂಬ ಪೊಲೀಸ್ ನಾಯಿಯ ಎದೆಗೂ ತಲೆಗೂ ಆತನು ಚೂರಿಯಿಂದ ಇರಿದನು. ನಾಯಿ ಬದುಕುಳಿಯಿತು. ಆದರೆ ನ್ಯಾಯಾಲಯದಲ್ಲಿ ಆ ಇರಿತವು ‘ಸ್ವತ್ತಿಗೆ ಹಾನಿ’ ಎಂಬ ಹೆಸರಿನಲ್ಲಿ ವಿಚಾರಣೆಗೆ ಬಂದಿತು. ಜೀವದ ಹಂಗು ತೊರೆದು ತನ್ನ ಒಡೆಯನನ್ನು ಕಾಯ್ದ ಪ್ರಾಣಿಯು ಕಿಟಕಿಯ ಗಾಜಿನ ಸಾಲಿಗೆ ಸೇರಿದ್ದು ಜನರನ್ನು ನೋಯಿಸಿತು. ಅವರ ಒತ್ತಾಯದ ಫಲವಾಗಿ 2019ರ ಜೂನ್ 8ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸೇವಾಪ್ರಾಣಿಗಳ ಕಾನೂನು ಜಾರಿಗೆ ಬಂದಿತು. ‘ನಾಯಿ ನನ್ನ ಮೇಲೆ ಬಂದಿತು, ಆದ್ದರಿಂದ ಆತ್ಮರಕ್ಷಣೆಗಾಗಿ ಇರಿದೆ’ ಎಂಬ ಅಪರಾಧಿಯ ನೆಪವನ್ನು ಆ ಕಾನೂನು ಬದಿಗಿರಿಸಿತು. 2021ರಲ್ಲಿ ಬಂದ ಮತ್ತೊಂದು ಕಾನೂನು ಪ್ರಾಣಿಹಿಂಸೆಯ ಗರಿಷ್ಠ ಶಿಕ್ಷೆಯನ್ನು ಆರು ತಿಂಗಳಿಂದ ಐದು ವರ್ಷಕ್ಕೆ ಏರಿಸಿತು. ಕೆನಡಾದಲ್ಲಿ 2013ರಲ್ಲಿ ಎಡ್ಮಂಟನ್ ನಗರದ ‘ಕ್ವಾಂಟೊ’ ಎಂಬ ಪೊಲೀಸ್ ನಾಯಿಯ ಹತ್ಯೆಯಾದ ಮೇಲೆ 2015ರಲ್ಲಿ ಇಂತಹುದೇ ಕಾನೂನು ಬಂದಿತು. ಅಮೆರಿಕದ ಒಕ್ಕೂಟ ಸರ್ಕಾರವು 2000ನೇ ಇಸವಿಯಲ್ಲಿಯೇ ತನ್ನ ಪೊಲೀಸ್ ಪ್ರಾಣಿಗಳಿಗೆ ಸಾವು ಅಥವಾ ಗಂಭೀರ ಗಾಯ ಉಂಟುಮಾಡುವವರಿಗೆ ಹತ್ತು ವರ್ಷದವರೆಗಿನ ಸೆರೆವಾಸವನ್ನು ವಿಧಿಸಿತ್ತು.

ಇಂಗ್ಲೆಂಡಿನ ಕಾನೂನಿನಲ್ಲಿ ನಾವು ಗಮನಿಸಬೇಕಾದ ಷರತ್ತೊಂದಿದೆ. ಆತ್ಮರಕ್ಷಣೆಯ ವಾದವು ಬದಿಗೆ ಸರಿಯಬೇಕಾದರೆ, ಆ ಸಮಯದಲ್ಲಿ ಪ್ರಾಣಿಯು ಅಧಿಕಾರಿಯ ಹತೋಟಿಯಲ್ಲಿರಬೇಕು ಮತ್ತು ಅಧಿಕಾರಿಯು ಅದನ್ನು ಕರ್ತವ್ಯದ ನಿಮಿತ್ತ, ಸಮಂಜಸವಾದ ರೀತಿಯಲ್ಲಿ ಬಳಸುತ್ತಿರಬೇಕು. ಅಂದರೆ ಆ ಕಾನೂನು ಇರಿಯುವ ಕೈಯನ್ನು ಮಾತ್ರವಲ್ಲದೆ ಹಗ್ಗ ಹಿಡಿದ ಕೈಯನ್ನೂ ಪ್ರಶ್ನಿಸುತ್ತದೆ. ಈ ಮಾತಿಗೆ ಮುಂದೆ ಮರಳುತ್ತೇವೆ.

ದೀನ್ ಏನು ಹೇಳುತ್ತದೆ?

ಬೆಲೆಯೇ, ನೋವೇ ಎಂಬ ಈ ಪ್ರಶ್ನೆಯನ್ನು ನಮ್ಮ ಫುಖಹಾಗಳು ಶತಮಾನಗಳ ಹಿಂದೆಯೇ ಬಿಡಿಸಿ ನೋಡಿದ್ದಾರೆ. ಬೇರೊಬ್ಬನ ತರಬೇತಿ ಪಡೆದ ನಾಯಿಯನ್ನು ಕೊಂದವನು ಪರಿಹಾರ ಕೊಡಬೇಕೇ ಎಂಬ ಚರ್ಚೆ ಫಿಕ್ಹ್ ಗ್ರಂಥಗಳಲ್ಲಿದೆ. ಹನಫಿ ಮದ್ಹಬಿನ ಪ್ರಕಾರ ಅಂತಹ ನಾಯಿಗೆ ಬೆಲೆಯುಂಟು, ಅದರ ಮಾರಾಟವೂ ಸಿಂಧು. ಆದ್ದರಿಂದ ಕೊಂದವನು ಒಡೆಯನಿಗೆ ಬೆಲೆ ತೆರಬೇಕು. ಶಾಫಿಈ ಮದ್ಹಬಿನ ಪ್ರಕಾರ ನಾಯಿಯು ಮಾರಾಟದ ಸ್ವತ್ತೇ ಅಲ್ಲ. ಆದ್ದರಿಂದ ಹಣದ ಪರಿಹಾರವಿಲ್ಲ. ಆದರೆ ಉಪಯುಕ್ತವಾದ ನಾಯಿಯನ್ನು ಕೊಲ್ಲುವುದು ಹರಾಮ್ ಎಂಬುದರಲ್ಲಿ ಅವರಿಗೂ ಸಂದೇಹವಿಲ್ಲ. ನಮ್ಮ ಬಯಲುಸೀಮೆಯ ಮನೆಗಳಲ್ಲಿ ಹನಫಿಗಳು ಹೆಚ್ಚು, ಕರಾವಳಿಯ ಸಹೋದರರಲ್ಲಿ ಶಾಫಿಈಗಳು ಹೆಚ್ಚು. ಎರಡೂ ಕಡೆಯ ಓದುಗರು ಇಲ್ಲಿ ಒಂದು ಸಂಗತಿಯನ್ನು ಮನಗಾಣಬೇಕು. ಬೆಲೆಯೇ ಇಲ್ಲವೆಂದು ಹೇಳಿದ ಮದ್ಹಬ್ ಕೂಡ ಪಾಪವಿಲ್ಲವೆಂದು ಹೇಳಲಿಲ್ಲ. ಪ್ರಾಣಿಯ ಹಕ್ಕು ಅದರ ಬೆಲೆಯಿಂದ ಹುಟ್ಟುವುದಿಲ್ಲ. ಅದನ್ನು ಸೃಷ್ಟಿಸಿದವನು ಅದರೊಳಗೆ ಇರಿಸಿದ ಜೀವದಿಂದ ಹುಟ್ಟುತ್ತದೆ.

ಇದಕ್ಕೆ ಬುಖಾರಿ, ಮುಸ್ಲಿಮ್ ಗ್ರಂಥಗಳ ಎರಡು ಪ್ರಸಿದ್ಧ ಹದೀಸ್‌ಗಳೇ ಸಾಕು. ಬಾಯಾರಿ ಮಣ್ಣು ನೆಕ್ಕುತ್ತಿದ್ದ ನಾಯಿಗೆ ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತಂದು ಕುಡಿಸಿದವನನ್ನು ಅಲ್ಲಾಹನು ಕ್ಷಮಿಸಿದನು. ಬೆಕ್ಕನ್ನು ಕೂಡಿಹಾಕಿ ಅನ್ನ ನೀರು ಕೊಡದೆ ಸಾಯಿಸಿದ ಸ್ತ್ರೀಯು ನರಕಕ್ಕೆ ಗುರಿಯಾದಳು. ಆ ನಾಯಿಗೂ ಆ ಬೆಕ್ಕಿಗೂ ಸಂತೆಯಲ್ಲಿ ಎಷ್ಟು ಬೆಲೆಯಿತ್ತೆಂದು ಯಾವ ಹದೀಸಿನಲ್ಲೂ ಹೇಳಿಲ್ಲ. ಹಸಿ ಕರುಳುಳ್ಳ ಪ್ರತಿಯೊಂದು ಜೀವಿಗೆ ಮಾಡುವ ಉಪಕಾರದಲ್ಲಿ ಪ್ರತಿಫಲವಿದೆಯೆಂದು ಪ್ರವಾದಿವರ್ಯರು(ಸ) ಸಹಾಬಿಗಳಿಗೆ ತಿಳಿಸಿದರು.

ಇನ್ನು ನಜಸಿನ ಪ್ರಶ್ನೆ. ನಜಸ್ ಎಂಬುದು ನಮಾಝಿನ ಶುದ್ಧಿಗೆ ಸಂಬಂಧಿಸಿದ ವಿಧಿ, ದ್ವೇಷಕ್ಕೆ ಕೊಟ್ಟ ಪರವಾನಗಿಯಲ್ಲ. ಹನಫಿ ಅಭಿಪ್ರಾಯದಲ್ಲಿ ನಾಯಿಯ ಜೊಲ್ಲು ನಜಸ್. ಶಾಫಿಈ ಅಭಿಪ್ರಾಯದಲ್ಲಿ ಅದರ ಇಡೀ ದೇಹವೇ ನಜಸ್, ತೇವದ ಸ್ಪರ್ಶವಾದರೆ ಏಳು ಬಾರಿ, ಅವುಗಳಲ್ಲಿ ಒಮ್ಮೆ ಮಣ್ಣು ಬೆರೆಸಿ ತೊಳೆಯಬೇಕು. ಒಣಗಿದ ಮೈ ಒಣಗಿದ ಬಟ್ಟೆಗೆ ತಾಗಿದರೆ ತೊಳೆಯುವ ಅಗತ್ಯವೂ ಇಲ್ಲ. ತನಿಖೆಗಾಗಿ ನಾಯಿ ಮನೆಯೊಳಗೆ ಬಂದರೆ ಗಾಬರಿಯಾಗುವ ತಾಯಂದಿರು ಇಷ್ಟನ್ನು ತಿಳಿದಿದ್ದರೆ ಸಾಕು. ತೊಳೆದರೆ ಹೋಗುವ ನಜಸಿಗೆ ಹೆದರಿ, ತೊಳೆದರೂ ಹೋಗದ ಪಾಪವನ್ನು ಮೈಮೇಲೆ ಎಳೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ. ಬೇಟೆ, ಜಾನುವಾರು ಮತ್ತು ಹೊಲದ ಕಾವಲಿಗೆ ನಾಯಿ ಸಾಕಲು ಹದೀಸಿನಲ್ಲೇ ಅನುಮತಿಯಿದೆ. ಜನರ ಪ್ರಾಣ ಕಾಯುವ ಕೆಲಸ ಇವುಗಳಿಗಿಂತ ಕಡಿಮೆಯದಲ್ಲ.

ಪವಿತ್ರ ಕುರ್‌ಆನಿನಲ್ಲಿ ಸೇವಾಪ್ರಾಣಿಗಳಿಗೆ ಸಿಕ್ಕಿರುವ ಸ್ಥಾನವನ್ನು ನೋಡಿರಿ. ನಮ್ಮ ಮದ್ರಸದ ಪುಟ್ಟ ಮಕ್ಕಳೂ ಬಾಯಿಪಾಠ ಮಾಡುವ ಸೂರಾ ಅಲ್ ಆದಿಯಾತ್‌ನಲ್ಲಿ ಅಲ್ಲಾಹನು ಏದುಸಿರು ಬಿಡುತ್ತಾ, ಗೊರಸಿನಿಂದ ಕಿಡಿ ಹಾರಿಸುತ್ತಾ ಓಡುವ ಕುದುರೆಗಳ ಮೇಲೆ ಆಣೆಯಿಡುತ್ತಾನೆ. ಆ ಆಣೆಯ ಬೆನ್ನಿಗೇ ಮನುಷ್ಯನ ಕೃತಘ್ನತೆಯ ಮಾತು ಬರುತ್ತದೆ. ಒಡೆಯನಿಗಾಗಿ ಧೂಳಿನ ನಡುವೆ ನುಗ್ಗುವ ಕುದುರೆ ಒಂದು ಕಡೆ, ತನ್ನ ಪ್ರಭುವನ್ನೇ ಮರೆಯುವ ಮಾನವ ಇನ್ನೊಂದು ಕಡೆ. ಸೂರಾ ಅಲ್ ಮಾಇದಾದ ನಾಲ್ಕನೆಯ ಸೂಕ್ತದಲ್ಲಿ ತರಬೇತಿ ಪಡೆದ ಬೇಟೆಪ್ರಾಣಿ ಹಿಡಿದುದನ್ನು ತಿನ್ನಲು ಅನುಮತಿಸಲಾಗಿದೆ. ಕಲಿತ ನಾಯಿ ಹಿಡಿದುದು ಹಲಾಲ್, ಕಲಿಯದ ನಾಯಿ ಕೊಂದುದು ಹರಾಮ್ ಎಂಬುದನ್ನು ಇಬ್ನುಲ್ ಖಯ್ಯಿಮ್‌ರು(ರ) ಇಲ್ಮಿನ ಶ್ರೇಷ್ಠತೆಗೆ ಸಾಕ್ಷಿಯಾಗಿ ಎತ್ತಿ ತೋರಿಸಿದ್ದಾರೆ. ಕಲಿಕೆಯು ನಾಯಿಗೂ ಗೌರವ ತಂದಿತು! ಗುಹಾನಿವಾಸಿಗಳ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿಯ ಕಥೆಯಂತೂ ಪ್ರತಿ ಜುಮುಅ ಸೂರಾ ಅಲ್ ಕಹ್ಫ್ ಓದುವ ಮನೆಗಳಿಗೆಲ್ಲ ಗೊತ್ತು.

ಇತಿಹಾಸಕಾರ ವಾಖಿದಿಯ ಗ್ರಂಥದಲ್ಲಿ ಒಂದು ಉಲ್ಲೇಖವಿದೆ. ಅದಕ್ಕೆ ಸಹೀಹ್ ಹದೀಸಿನ ದರ್ಜೆಯಿಲ್ಲದಿದ್ದರೂ ಉಲಮಾಗಳು ಸೀರಾ ಕಥನಗಳಲ್ಲಿ ಅದನ್ನು ಹೇಳುತ್ತಾ ಬಂದಿದ್ದಾರೆ. ಮಕ್ಕಾ ವಿಜಯಕ್ಕೆ ಸೇನೆಯೊಂದಿಗೆ ಸಾಗುತ್ತಿದ್ದ ಪ್ರವಾದಿವರ್ಯರು(ಸ) ದಾರಿಯಲ್ಲಿ ಮರಿಗಳಿಗೆ ಹಾಲೂಡುತ್ತಿದ್ದ ನಾಯಿಯನ್ನು ಕಂಡು, ಸೇನೆ ದಾಟಿ ಹೋಗುವವರೆಗೆ ಅದಕ್ಕೆ ತೊಂದರೆಯಾಗದಂತೆ ಸಹಾಬಿಯೊಬ್ಬರನ್ನು ಕಾವಲಿಗೆ ನಿಲ್ಲಿಸಿದರು. ನಾಯಿ ಮನುಷ್ಯನನ್ನು ಕಾಯುವುದನ್ನು ಲೋಕವೆಲ್ಲ ಬಲ್ಲದು. ಇಲ್ಲಿ ನಾಯಿಯನ್ನು ಕಾಯಲು ಮನುಷ್ಯನು ನಿಂತನು.

ಹಗ್ಗ ಹಿಡಿದ ಕೈಯೂ ಉತ್ತರ ಹೇಳಬೇಕು

ಇಷ್ಟು ಓದಿದ ಮೇಲೆ ಒಂದು ಆಕ್ಷೇಪ ಏಳುವುದು ಸಹಜ. ‘ಪೊಲೀಸರ ಲಾಠಿಯ ಅನುಭವವಿರುವ ಬಡವರಿಗೆ, ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಸೆರೆಯಲ್ಲಿರುವವರ ಮನೆಯವರಿಗೆ ಪೊಲೀಸ್ ನಾಯಿಯ ಹಕ್ಕಿನ ಪಾಠವೇ? ಮನುಷ್ಯರಿಗೇ ಸಿಗದ ನ್ಯಾಯ ಪ್ರಾಣಿಗೆ ಏಕೆ?’ ಈ ಮಾತಿನಲ್ಲಿ ನೋವಿದೆ. ಅದನ್ನು ತಳ್ಳಿಹಾಕಲಾಗದು. 1963ರ ಮೇ ತಿಂಗಳಿನಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಸಮಾನತೆಯನ್ನು ಬೇಡಿ ಬೀದಿಗಿಳಿದ ಕಪ್ಪು ಜನರ ಮೇಲೆ, ಎಳೆಯರಿದ್ದ ಮೆರವಣಿಗೆಯ ಮೇಲೆ ಪೊಲೀಸರು ನಾಯಿಗಳನ್ನು ಬಿಟ್ಟರು. ಆ ಚಿತ್ರಗಳನ್ನು ಜಗತ್ತು ಮರೆತಿಲ್ಲ. ಪ್ರಾಣಿಯನ್ನು ದಬ್ಬಾಳಿಕೆಯ ಆಯುಧವಾಗಿ ಬಳಸಿದ್ದುಂಟು, ಮುಂದೆಯೂ ಬಳಸಬಹುದು.

ಆದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ತಪ್ಪಿತಸ್ಥರು ಯಾರು? ಆಜ್ಞೆ ಕೊಟ್ಟ ಅಧಿಕಾರಿಗಳು. ನಾಯಿಗೆ ಅಲ್ಲಿನ ಕಾನೂನೂ ತಿಳಿಯದು, ಜನರ ಬಣ್ಣವೂ ತಿಳಿಯದು. ಒಬ್ಬರ ಪಾಪದ ಭಾರವನ್ನು ಇನ್ನೊಬ್ಬರು ಹೊರುವುದಿಲ್ಲ ಎಂಬುದು ಕುರ್‌ಆನ್ ಹಲವು ಕಡೆ ಸಾರಿದ ತತ್ವ. ವ್ಯವಸ್ಥೆಯ ಮೇಲಿನ ಕೋಪವನ್ನು ಅದರ ಅತ್ಯಂತ ನಿರಪರಾಧಿ ಸದಸ್ಯನ ಮೇಲೆ ತೀರಿಸಿಕೊಳ್ಳುವುದು ನ್ಯಾಯವಾಗಲಾರದು. ಅನ್ಯಾಯವಾದರೆ ದೂರು ಕೊಡುವ ದಾರಿಯಿದೆ, ನ್ಯಾಯಾಲಯವಿದೆ, ಮಾನವ ಹಕ್ಕುಗಳ ಆಯೋಗವಿದೆ. ಕುದುರೆಯ ಕಾಲು ಮುರಿಯುವುದರಿಂದ ಯಾವ ಮರ್ದಿತನ ಹಕ್ಕೂ ಮರಳಿ ಬರುವುದಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುತ್ತೇವೆ. ಸೇವಾಪ್ರಾಣಿಗಳಿಗೆ ಬೇಕೆಂದೇ ಹಾನಿ ಮಾಡುವುದನ್ನು ಪ್ರತ್ಯೇಕ ಅಪರಾಧವೆಂದು ನಮ್ಮ ದೇಶದ ಕಾನೂನು ಗುರುತಿಸಬೇಕು. ಅದು ಸ್ವತ್ತಿನ ಅಧ್ಯಾಯದಲ್ಲಿರದೆ ಕ್ರೌರ್ಯದ ಅಧ್ಯಾಯದಲ್ಲಿರಬೇಕು. ಆದರೆ ಆ ಕಾನೂನು ಮೂರು ಮಿತಿಗಳನ್ನು ಒಪ್ಪಿಕೊಳ್ಳಬೇಕು.

ಒಂದು, ಉದ್ದೇಶಪೂರ್ವಕ ಕೃತ್ಯಕ್ಕೆ ಮಾತ್ರ ಶಿಕ್ಷೆಯಾಗಬೇಕು. ಕರ್ಮಗಳು ನಿಯ್ಯತ್ತನ್ನು ಅವಲಂಬಿಸಿವೆಯೆಂದು ಕಲಿತವರು ನಾವು. ಹೆದರಿ ಕೈಬೀಸಿದ ಬಾಲಕನನ್ನೂ, ನೂಕುನುಗ್ಗಲಿನಲ್ಲಿ ಕುದುರೆಯ ಮೇಲೆ ಬಿದ್ದವನನ್ನೂ, ಚೂರಿ ಹಿರಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಎರಡು, ಪ್ರಾಣಿಯನ್ನು ಬಳಸಿದ ಅಧಿಕಾರಿಯ ನಡತೆಯೂ ವಿಚಾರಣೆಗೆ ಒಳಪಡಬೇಕು. ಶಾಂತವಾಗಿ ಕುಳಿತ ಜನರ ಮೇಲೆ ಕುದುರೆ ನುಗ್ಗಿಸಿ, ಬಳಿಕ ಕುದುರೆಗೆ ಗಾಯವಾಯಿತೆಂದು ಅವರ ಮೇಲೆಯೇ ಮತ್ತೊಂದು ಮೊಕದ್ದಮೆ ಹೂಡುವಂತಾಗಬಾರದು. ಮೂರು, ಸರ್ಕಾರದ ಪ್ರಾಣಿಗೆ ಒಂದು ನ್ಯಾಯ, ಬಡವನ ಪ್ರಾಣಿಗೆ ಇನ್ನೊಂದು ನ್ಯಾಯ ಎಂದಾಗಬಾರದು. ನಮ್ಮ ತಾಲೂಕಿನ ಘಾಟಿಯ ದನಗಳ ಜಾತ್ರೆಯಲ್ಲಿ ಕೈ ಬದಲಾಗುವ ಎತ್ತಿಗೂ, ಜಟಕಾ ಎಳೆಯುವ ಕುದುರೆಗೂ, ಕುರಿಮಂದೆ ಕಾಯುವ ನಾಯಿಗೂ ನೋವು ಒಂದೇ. 11ನೇ ಕಲಮಿನ ಐವತ್ತು ರೂಪಾಯಿಯನ್ನು ಹಾಗೆಯೇ ಉಳಿಸಿ ಪೊಲೀಸ್ ಪ್ರಾಣಿಗೆ ಮಾತ್ರ ಕಠಿಣ ಕಾನೂನು ತಂದರೆ, ಕಾನೂನು ಪೂಜಿಸುವುದು ಜೀವವನ್ನಲ್ಲ, ಸಮವಸ್ತ್ರವನ್ನು ಎಂದು ಜನ ಆಡಿಕೊಂಡಾರು.

ಸರ್ಕಾರದ ಸ್ವಂತ ಹೊಣೆಯ ಮಾತೂ ಇಲ್ಲಿ ಬರುತ್ತದೆ. ಪೊಲೀಸ್ ಇಲಾಖೆಯದಲ್ಲದಿದ್ದರೂ ಅರಣ್ಯ ಇಲಾಖೆಯ ಸೇವೆಯಲ್ಲಿದ್ದ ಅರ್ಜುನನನ್ನು ಕನ್ನಡಿಗರು ಮರೆಯಲಾರರು. ಎಂಟು ಬಾರಿ ದಸರೆಯ ಚಿನ್ನದ ಅಂಬಾರಿ ಹೊತ್ತ ಆ ಆನೆಯನ್ನು ಅರವತ್ತು ವರ್ಷ ದಾಟಿತೆಂಬ ಕಾರಣಕ್ಕೆ ಅಂಬಾರಿಯ ಭಾರದಿಂದ ಬಿಡುಗಡೆಗೊಳಿಸಲಾಗಿತ್ತು. ಅದೇ ಆನೆಯನ್ನು ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಗೆ ಒಯ್ಯಲಾಯಿತು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಕಾದಾಡಿ ಅದು ಮಡಿಯಿತು. ಭಾರ ಹೊರಲು ಮುದಿಯಾದ ಆನೆ ಕಾಳಗಕ್ಕೆ ಹೇಗೆ ತಕ್ಕದಾಯಿತು ಎಂದು ಜನ ಕೇಳಿದ ಪ್ರಶ್ನೆ ನ್ಯಾಯವಾದುದೇ ಆಗಿತ್ತು.

ಹಿಜರಿ ಏಳನೆಯ ಶತಮಾನದಲ್ಲಿ ಬಾಳಿದ, ಸುಲ್ತಾನುಲ್ ಉಲಮಾ ಎಂದು ಹೆಸರಾದ ಇಝ್ಝುದ್ದೀನ್ ಇಬ್ನ್ ಅಬ್ದುಸ್ಸಲಾಮ್‌ರು(ರ) ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಪಟ್ಟಿ ಮಾಡಿದ್ದಾರೆ. ಮುದಿತನದಿಂದಲೋ ರೋಗದಿಂದಲೋ ಪ್ರಾಣಿಯು ಉಪಯೋಗಕ್ಕೆ ಬಾರದಾದರೂ ಅದರ ಪೋಷಣೆಗೆ ಖರ್ಚು ಮಾಡಬೇಕು, ತಾಳಲಾರದ ಭಾರವನ್ನು ಹೊರಿಸಬಾರದು ಎಂಬುವು ಅವುಗಳಲ್ಲಿ ಸೇರಿವೆ. ಅವರಿಗಿಂತ ಎರಡು ಶತಮಾನ ಮೊದಲೇ ಇಮಾಮ್ ಮಾವರ್ದಿಯವರು(ರ) ಪ್ರಾಣಿಗಳಿಗೆ ಶಕ್ತಿಮೀರಿ ದುಡಿಸುವ ಒಡೆಯರನ್ನು ತಡೆಯುವುದು ಮುಹ್ತಸಿಬನ, ಅಂದರೆ ಸರ್ಕಾರಿ ಮೇಲ್ವಿಚಾರಕನ ಕರ್ತವ್ಯವೆಂದು ಬರೆದಿದ್ದರು. ಸೇವಾಪ್ರಾಣಿ ಸರ್ಕಾರದ ಸ್ವತ್ತೆಂಬುದಕ್ಕಿಂತ ಅಲ್ಲಾಹನು ಸರ್ಕಾರದ ಕೈಗೆ ಒಪ್ಪಿಸಿದ ಅಮಾನತ್ ಎಂಬುದೇ ಹೆಚ್ಚು ನಿಜ. ನಿವೃತ್ತಿಯ ನಂತರ ಮೇವು, ಔಷಧ, ನೆರಳು ಅದಕ್ಕೆ ಹಕ್ಕಾಗಿ ಸಿಗಬೇಕು. ಅನ್ಯರು ಹೊಡೆದರೆ ಶಿಕ್ಷೆ ವಿಧಿಸುವ ಸರ್ಕಾರವು ತಾನೇ ದುಡಿಸಿ ಕೊಂದರೆ ಯಾರಿಗೆ ಉತ್ತರ ಹೇಳಬೇಕು?

ಮನೆಯಲ್ಲಿ ಕಲಿಸಬೇಕಾದುದು

ಕಾನೂನು ಬರುವುದು ಬೆಂಗಳೂರು, ದೆಹಲಿಗಳಿಂದ. ಅದು ಯಾವಾಗ ಬರುವುದೋ ನಮ್ಮ ಕೈಯಲ್ಲಿಲ್ಲ. ತರ್ಬಿಯತ್ತು ಮಾತ್ರ ಮನೆಯಲ್ಲೇ ಇದೆ. ದೊಡ್ಡಬಳ್ಳಾಪುರ–ನೆಲಮಂಗಲ ರಸ್ತೆಯಲ್ಲಿರುವ ನಮ್ಮ ಊರಿನ ಸುತ್ತ ರಾಗಿ ಹೊಲಗಳಿಗೂ ಕುರಿಹಟ್ಟಿಗಳಿಗೂ ನಾಯಿಗಳೇ ಕಾವಲು. ಬೀದಿನಾಯಿಗೆ ಕಲ್ಲೆಸೆದು ನಗು ಕಲಿತ ಕೈಯೇ ನಾಳೆ ಗುಂಪಿನಲ್ಲಿ ನಿಂತಾಗ ಪೊಲೀಸ್ ಕುದುರೆಗೂ ಕಲ್ಲೆಸೆಯುತ್ತದೆ. ಆಗ ಅದು ಒಂದು ಪ್ರಾಣಿಯ ಗಾಯದಲ್ಲಿ ನಿಲ್ಲುವುದಿಲ್ಲ. ಒಬ್ಬ ಹುಡುಗನ ಓದು, ಒಂದು ಮನೆಯ ನೆಮ್ಮದಿ, ಒಂದು ಜಮಾಅತಿನ ಹೆಸರು ಅದರೊಂದಿಗೆ ಹೋಗುತ್ತವೆ. ಜೀವವಿರುವ ಯಾವುದನ್ನೂ ಗುರಿಹಲಗೆಯಾಗಿಸಬಾರದೆಂದು ಪ್ರವಾದಿವರ್ಯರು(ಸ) ನಿಷೇಧಿಸಿದ್ದನ್ನು ತಂದೆಯರು ಮಕ್ಕಳಿಗೆ ಹೆಸರುಹಿಡಿದು ಹೇಳಬೇಕು.

ಶ್ವಾನದಳ ಊರಿಗೆ ಬಂದರೆ ದೂರ ಸರಿದು ದಾರಿ ಬಿಡೋಣ. ಕೂಗಿ ಅದನ್ನು ಕೆಣಕದಂತೆ ಮಕ್ಕಳನ್ನು ತಡೆಯೋಣ. ಮನೆಯೊಳಗೆ ಬರುವುದಾದರೆ ಮುಸಲ್ಲಾ, ಕಿತಾಬುಗಳನ್ನು ಎತ್ತಿಡಲು ಎರಡು ನಿಮಿಷ ಕೊಡಿರೆಂದು ಸೌಜನ್ಯದಿಂದ ಕೇಳೋಣ. ಖತೀಬರು ವರ್ಷಕ್ಕೆ ಒಂದು ಜುಮುಅವನ್ನಾದರೂ ಪ್ರಾಣಿಗಳ ಹಕ್ಕಿನ ವಿಷಯಕ್ಕೆ ಮೀಸಲಿಟ್ಟರೆ ಉಪಕಾರವಾದೀತು. ಪ್ರಾಣಿಹಿಂಸೆಯ ಕಾನೂನಿನ ತಿದ್ದುಪಡಿ ಮತ್ತೆ ಚರ್ಚೆಗೆ ಬಂದಾಗ ನಮ್ಮ ಜಮಾಅತುಗಳೂ ಅಭಿಪ್ರಾಯ ಬರೆದು ಕಳಿಸಬೇಕು. ನಮ್ಮ ಫಿಕ್ಹ್ ಗ್ರಂಥಗಳಲ್ಲಿ ಈ ವಿಷಯಕ್ಕೆ ಇಷ್ಟೊಂದು ಬೆಳಕಿರುವಾಗ ನಾವು ಬಾಯಿ ಮುಚ್ಚಿ ಕುಳಿತಿರಬೇಕಾದ ಕಾರಣವಿಲ್ಲ.

ಭೂಮಿಯಲ್ಲಿ ನಡೆಯುವ ಪ್ರಾಣಿಗಳೂ ರೆಕ್ಕೆ ಬಡಿದು ಹಾರುವ ಪಕ್ಷಿಗಳೂ ನಿಮ್ಮಂತೆಯೇ ಸಮುದಾಯಗಳೆಂದು ಸೂರಾ ಅಲ್ ಅನ್‌ಆಮ್ ತಿಳಿಸುತ್ತದೆ. ಕೊನೆಗೆ ಅವೆಲ್ಲವೂ ತಮ್ಮ ಪ್ರಭುವಿನೆಡೆಗೆ ಒಟ್ಟುಗೂಡಿಸಲ್ಪಡುವುವೆಂದೂ ಅದೇ ಸೂಕ್ತದಲ್ಲಿದೆ. ಅಂದು ಮೂಕಪ್ರಾಣಿಗಳ ನಡುವೆಯೂ ನ್ಯಾಯ ತೀರ್ಮಾನವಾಗುವುದೆಂದು ಹದೀಸ್‌ಗಳು ಹೇಳುತ್ತವೆ. ಆ ಸಭೆಯಲ್ಲಿ ಐವತ್ತು ರೂಪಾಯಿಯ ದಂಡ ಕಟ್ಟಿ ಹೊರಬರಲು ಸಾಧ್ಯವಿಲ್ಲ. ಆ ದಿನದ ವಿಚಾರಣೆಯನ್ನು ಇಂದೇ ನೆನೆದು ನಡೆಯುವ ತೌಫೀಕನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ನಮ್ಮನ್ನು ಆಳುವವರಿಗೂ ಕರುಣಿಸಲಿ. ಆಮೀನ್.